ಕಾರಿನ ಎ.ಸಿ. ಬಿಸಿಗಾಳಿ ಬಿಡ್ತಿದೆಯಾ? ಗ್ಯಾಸ್‌ಗಿಂತ ಮೊದಲು ಲೀಕ್ ಹುಡುಕಿ

‘ಗ್ಯಾಸ್ ಖಾಲಿಯಾಗಿದೆ ಸರ್, ತುಂಬಿಸಿಬಿಡೋಣ.’ ಹಳೇ ಕಾರಿನ ಎ.ಸಿ. ಕೈಕೊಟ್ಟಾಗ ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಕೇಳುವ ಮಾತಿದು. ಹನ್ನೆರಡು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಬೇಸಿಗೆಯಲ್ಲಿ ನಾನೂ ಎರಡು ಸಲ ತುಂಬಿಸಿದೆ. ಎರಡೂ ಸಲ ಮೂರು ವಾರಕ್ಕೆ ಮತ್ತೆ ಬಿಸಿಗಾಳಿ.

ಎ.ಸಿ. ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಅದೇ ಗ್ಯಾಸ್ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ವರ್ಷಗಟ್ಟಲೆಯಲ್ಲಿ ಸ್ವಲ್ಪ ಇಳಿದರೆ ಸಹಜ. ವಾರಗಳಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಮನೆಯಲ್ಲೇ ನೋಡಬಹುದಾದದ್ದು ಬೇಕಾದಷ್ಟಿದೆ. ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಬಹಳ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದಿರುತ್ತದೆ. ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ ಎಂಜಿನ್ ಚಾಲೂ ಮಾಡಿ, ಬಾನೆಟ್ ಎತ್ತಿ. ಒಬ್ಬರು ಒಳಗೆ ಕೂತು ಎ.ಸಿ. ಒತ್ತಲಿ. ಬೆಲ್ಟಿನಿಂದ ಕೈ, ಬಟ್ಟೆ ದೂರ ಇಟ್ಟುಕೊಂಡು ಕಿವಿಗೊಡಿ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ನಿಂದ ‘ಟಕ್’ ಎಂಬ ಸದ್ದು ಬಂದು, ಅದರ ಮುಂದಿನ ತಟ್ಟೆ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ ನೋಡಿ. ಗ್ಯಾಸ್ ತೀರಾ ಇಳಿದಾಗಲೂ ಪ್ರೆಷರ್ ಸ್ವಿಚ್ ಕಂಪ್ರೆಸರನ್ನು ಓಡಲು ಬಿಡುವುದಿಲ್ಲ.

ಹೈವೇಯಲ್ಲಿ ತಂಪು, ಸಿಗ್ನಲ್‌ನಲ್ಲಿ ನಿಂತರೆ ಬಿಸಿ, ಹೀಗಾಗ್ತಿದೆಯಾ? ಹಾಗಾದರೆ ಬಿಸಿ ಗ್ಯಾಸನ್ನು ತಣಿಸುವ ಕಂಡೆನ್ಸರ್‌ನ ಫ್ಯಾನ್ ಮೇಲೆ ಅನುಮಾನಪಡಿ. ರೇಡಿಯೇಟರ್ ಮುಂದಿರುವ ಈ ಕಂಡೆನ್ಸರ್‌ಗೆ ಕೆಸರು, ಹುಳು ಮೆತ್ತಿದ್ದರೆ, ಎಂಜಿನ್ ಆರಿದ ಮೇಲೆ ಪೈಪಿನ ನೀರನ್ನು ಮೆಲ್ಲಗೆ ಬಿಟ್ಟು ತೊಳೆಯಿರಿ. ಪ್ರೆಷರ್ ವಾಷ್ ಬೇಡ, ತೆಳು ರೆಕ್ಕೆಗಳು ಬಾಗುತ್ತವೆ.

ಇನ್ನು ಲೀಕ್. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತಿರುತ್ತದೆ. ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಜಿನುಗಿ, ಧೂಳು ಹಿಡಿದು ಕಪ್ಪಗೆ ಅಂಟಂಟಾಗುತ್ತದೆ. ಟಾರ್ಚ್ ಹಿಡಿದು ಪೈಪಿನ ಜಾಯಿಂಟ್, ಕಂಡೆನ್ಸರ್‌ನ ಕೆಳಮೂಲೆ, ಕಂಪ್ರೆಸರ್ ಮುಂಭಾಗ ನೋಡಿ. ನನ್ನ ಕಾರಿನಲ್ಲಿ ಕಂಡೆನ್ಸರ್‌ಗೆ ಪೈಪ್ ಸೇರುವಲ್ಲಿ ರೂಪಾಯಿ ಅಗಲದ ಕಲೆ ಸಿಕ್ಕಿತು. ಬಿಚ್ಚಿಸಿದಾಗ ಒಳಗಿನ ರಬ್ಬರ್ ಓ-ರಿಂಗ್ ಒಣಗಿ, ಚಪ್ಪಟೆಯಾಗಿ, ಉಗುರಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಅಷ್ಟು ಸಣ್ಣ ರಿಂಗಿಗೆ ಎರಡು ಸಲ ಗ್ಯಾಸ್ ದುಡ್ಡು ಕೊಟ್ಟಿದ್ದೆ.

ಬಿಚ್ಚುವ ಕೆಲಸಕ್ಕೆ ಮಾತ್ರ ನೀವು ಕೈಹಾಕಬೇಡಿ. ಈ ಕಾರುಗಳಲ್ಲಿ ಸಾಮಾನ್ಯವಾಗಿರುವ ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕಣ್ಣಿಗೆ, ಚರ್ಮಕ್ಕೆ ಚಿಮ್ಮಿದರೆ ಹೆಪ್ಪುಗಟ್ಟಿಸಿಬಿಡುತ್ತದೆ. ಎ.ಸಿ. ಮೆಕ್ಯಾನಿಕ್ ಹತ್ತಿರ ಹೋಗಿ, ಆದರೆ ಕೆಲಸ ಕೇಳಿ ಮಾಡಿಸಿ. ಮೊದಲು ನೈಟ್ರೋಜನ್ ತುಂಬಿ ಲೀಕ್ ಟೆಸ್ಟ್. ನಂತರ ಎ.ಸಿ.ಗೆಂದೇ ಬರುವ ಓ-ರಿಂಗ್. ಸಿಸ್ಟಂ ಬಹಳ ದಿನ ತೆರೆದಿದ್ದರೆ ತೇವ ಹೀರುವ ಡ್ರೈಯರ್ ಕೂಡ ಹೊಸದು. ಆಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿ, ತೇವ ಎಳೆದುಹಾಕುವುದು. ಇದನ್ನು ಐದು ನಿಮಿಷಕ್ಕೆ ಮುಗಿಸಲು ಬಿಡಬೇಡಿ. ಒಳಗೆ ತೇವ ಉಳಿದರೆ ವಾಲ್ವ್‌ನಲ್ಲಿ ಮಂಜುಗಟ್ಟುತ್ತದೆ, ಲೋಹವನ್ನೂ ತಿನ್ನುತ್ತದೆ. ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲ್ಲಾಡದೆ ನಿಂತಿದೆಯಾ ಅಂತ ನೀವೇ ನೋಡಿ.

ಕೊನೆಗೆ ಗ್ಯಾಸ್. ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ. ಅಷ್ಟನ್ನೇ ತೂಕ ಮಾಡಿ ಹಾಕಿಸಿ. ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ, ಕಂಪ್ರೆಸರ್‌ಗೂ ಭಾರ.

ಹೊರಡುವ ಮೊದಲು ಗಾಜು ಏರಿಸಿ, ನಡುವಿನ ವೆಂಟ್‌ಗೆ ಅಡುಗೆಮನೆ ಥರ್ಮಾಮೀಟರ್ ಸಿಕ್ಕಿಸಿ ನೋಡಿ. ಅವತ್ತು ಹೊರಗೆ 36 ಡಿಗ್ರಿ ಇತ್ತು, ನನ್ನ ಕಾರಿನ ವೆಂಟ್‌ನಲ್ಲಿ 9.