ಮಧ್ಯಾಹ್ನ ಏರುತ್ತಿದ್ದ ಸಕ್ಕರೆ

ಬೆಳಗಾವಿಯಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡು ಬಾಗಲಕೋಟೆಯ ಮನೆಗೆ ಮರಳಿದ್ದೆ. ಏಳನೇ ವಾರ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.2, ಖಾಲಿಹೊಟ್ಟೆಯ ಸಕ್ಕರೆ 96; ಎರಡೂ ಸರಿಯಾಗಿದ್ದವು. ಆದರೆ ಸಂಜೆಯಾದರೆ ಬಾಯಿ ಒಣಗುತ್ತಿತ್ತು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ. ಹೊಸ ಕಿಡ್ನಿ ಚುರುಕಾಗಿದೆ ಎಂದು ಅದಕ್ಕೂ ಸಂತೋಷಪಟ್ಟೆ. ಎರಡು ವರ್ಷ ಡಯಾಲಿಸಿಸ್‌ನಲ್ಲಿ ಹನಿ ಮೂತ್ರಕ್ಕೆ ಹಂಬಲಿಸಿದವನಿಗೆ ಹಾಗನ್ನಿಸುವುದು ಸಹಜ.

ಒಂದು ದಿನ ಪಕ್ಕದ ಮನೆಯವರ ಗ್ಲುಕೋಮೀಟರ್‌ನಲ್ಲಿ ಸಂಜೆ ನಾಲ್ಕಕ್ಕೆ ನೋಡಿದರೆ 274!

ವೈದ್ಯರು ಬಿಡಿಸಿ ಹೇಳಿದರು. ಕಸಿಯಾದ ಕಿಡ್ನಿಯನ್ನು ಕಾಯುವ ಮಾತ್ರೆಗಳೇ ಸಕ್ಕರೆಯನ್ನೂ ಏರಿಸುತ್ತವೆ. ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್‌ನಿಂದ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಟ್ಯಾಕ್ರೊಲಿಮಸ್ ಎಂಬ ಇನ್ನೊಂದು ಮಾತ್ರೆ ಇನ್ಸುಲಿನ್ ಸ್ರವಿಸುವುದನ್ನೇ ತಗ್ಗಿಸುತ್ತದೆ. ಪ್ರೆಡ್ನಿಸೋಲೋನ್ ಬೆಳಿಗ್ಗೆ ನುಂಗಿದರೆ ಮಧ್ಯಾಹ್ನದಿಂದ ಸಂಜೆಯವರೆಗೆ ಅದರ ಪ್ರಭಾವ ಜೋರು, ಮರುದಿನ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ. ಆ ಹೊತ್ತಿನ ಖಾಲಿಹೊಟ್ಟೆಯ ಪರೀಕ್ಷೆಯನ್ನಷ್ಟೇ ನಾನು ನಂಬಿ ಕುಳಿತಿದ್ದೆ. ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಕಸಿಯಾದ ಹೊಸತರಲ್ಲಿ ನೆಚ್ಚುವಂತಿಲ್ಲ. ರಕ್ತಹೀನತೆ, ರಕ್ತ ಹಾಕಿಸಿಕೊಂಡದ್ದು ಅದರ ಲೆಕ್ಕ ಕೆಡಿಸುತ್ತವೆ.

ಆ ಮಾತ್ರೆಗಳನ್ನು ಬಿಡುವ ಮಾತೇ ಇಲ್ಲ, ಬಿಟ್ಟರೆ ಕಿಡ್ನಿಗೇ ಕುತ್ತು. ದಿನಕ್ಕೊಮ್ಮೆ, ಬೆಳಿಗ್ಗೆ, ಇನ್ಸುಲಿನ್ ಶುರುವಾಯಿತು. ನಾನೊಂದು ನೋಟ್‌ಬುಕ್ ಇಟ್ಟೆ: ಖಾಲಿಹೊಟ್ಟೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಉಂಡ ಎರಡು ಗಂಟೆಯ ನಂತರ, ರಾತ್ರಿ ಊಟಕ್ಕೆ ಮುಂಚೆ. ಪಕ್ಕದಲ್ಲಿ ಏನು ತಿಂದೆ, ಅಂದಿನ ಪ್ರೆಡ್ನಿಸೋಲೋನ್ ಎಷ್ಟು ಮಿಲಿಗ್ರಾಂ. ಈ ಕೊನೆಯ ಕಾಲಂ ನಾನು ಪೆಟ್ಟು ತಿಂದು ಸೇರಿಸಿದ್ದು. 20ರಿಂದ 15ಕ್ಕೆ ಇಳಿಸಿದ ವಾರ ಇನ್ಸುಲಿನ್ ಮಾತ್ರ ಹಳೆಯ ಲೆಕ್ಕದಲ್ಲೇ ಚುಚ್ಚಿಕೊಂಡಿದ್ದೆ. ಸಂಜೆ ಏಳಕ್ಕೆ ಕೈ ನಡುಗಿತು, ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟಿತು. ಸಕ್ಕರೆ 58ಕ್ಕೆ ಇಳಿದಿತ್ತು. ಅವ್ವ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಕುಡಿಸಿದಳು. ಅಂದಿನಿಂದ ಸ್ಟಿರಾಯ್ಡ್ ಇಳಿಸಿದ ದಿನವೇ ಇನ್ಸುಲಿನ್ ಎಷ್ಟು ಎಂದು ವೈದ್ಯರನ್ನು ಕೇಳಿದೆ.

ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರದು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ನನ್ನ ನೋಟ್‌ಬುಕ್ ಅದನ್ನು ಒಪ್ಪಲಿಲ್ಲ. ಮೂರು ರೊಟ್ಟಿ ಉಂಡ ದಿನ 231; ಎರಡೇ ರೊಟ್ಟಿ, ಹೆಚ್ಚು ಹೀರೇಕಾಯಿ ಪಲ್ಯ, ಹೆಸರುಕಾಳಿನ ಉಸುಳಿ ಉಂಡು ಪಡಸಾಲೆಯಲ್ಲೇ 15 ನಿಮಿಷ ಅಡ್ಡಾಡಿದ ದಿನ 172. ನಮ್ಮ ಬಡಾವಣೆ ನವನಗರದ ಆ ಬಿಸಿಲಿಗೆ ಹೊರಗೆ ಕಾಲಿಡುವಂತಿರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಅವ್ವನಿಗೆ ಬೇಡವೆನ್ನುವುದು. ಕಿಡ್ನಿ ಕೊಟ್ಟವಳೇ ಅವಳು. ಅಮೀನಗಡದ ಕರದಂಟು ತರಿಸಿ ತಟ್ಟೆಯಲ್ಲಿಟ್ಟಾಗ ಮಾತು ಹೊರಡಲಿಲ್ಲ. ನೋಟ್‌ಬುಕ್ ತೆರೆದು ಮುಂದಿಟ್ಟೆ. ಅಂಕಿಗಳ ಮೇಲೆ ಬೆರಳಾಡಿಸಿ ನೋಡಿದಳು, ತಟ್ಟೆಯನ್ನು ಒಳಗೊಯ್ದಳು.

ಈಗ ಪ್ರೆಡ್ನಿಸೋಲೋನ್ 5 ಮಿಲಿಗ್ರಾಂ. ವೈದ್ಯರು ಇನ್ಸುಲಿನ್ ನಿಲ್ಲಿಸಿ ಸಕ್ಕರೆ ತಗ್ಗಿಸುವ ಲಿನಾಗ್ಲಿಪ್ಟಿನ್ ಮಾತ್ರೆ ಕೊಟ್ಟಿದ್ದಾರೆ. ಊಟವಾಗಿ ಸರಿಯಾಗಿ ಎರಡು ಗಂಟೆ ಕಳೆಯುತ್ತಲೇ ಅವ್ವ ಗ್ಲುಕೋಮೀಟರ್ ತಂದು ಪಕ್ಕದಲ್ಲಿ ಕೂರುತ್ತಾಳೆ.