ಮೂರು ಹೇಟೆ ಕಾವಿಗೆ, ಮರಿಗೆಲ್ಲ ಒಂದೇ ತಾಯಿ

ನಾಟಿ ಕೋಳಿಯಲ್ಲಿ ದುಡ್ಡಿಲ್ಲ ಅನ್ನುವವರ ಲೆಕ್ಕ ತಪ್ಪಲ್ಲ. ಹೇಟೆ ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಬರುತ್ತದೆ. 21 ದಿನ ಕಾವು, ಆಮೇಲೆ ಎರಡು ಎರಡೂವರೆ ತಿಂಗಳು ಮರಿ ಕಟ್ಟಿಕೊಂಡು ತಿರುಗಾಟ. ಅಷ್ಟು ದಿನ ಮೇವು ಖರ್ಚು, ಮೊಟ್ಟೆ ಸೊನ್ನೆ. ನಾನು ಮೂರು ಹೇಟೆಗಳನ್ನು ಒಂದೇ ರಾತ್ರಿ ಕೂರಿಸಿ, ಮರಿಗಳನ್ನೆಲ್ಲ ಒಂದಕ್ಕೇ ಒಪ್ಪಿಸಿದೆ. ಉಳಿದೆರಡು ಹೆಚ್ಚುಕಡಿಮೆ ಮೂರು ವಾರದಲ್ಲಿ ಮತ್ತೆ ಮೊಟ್ಟೆಗೆ ಬಂದವು.

"ಬೇರೆ ಕೋಳಿ ಮರೀನ ಕುಕ್ಕಿ ಸಾಯಿಸ್ತದೆ ಕಣೋ ಮಗ" ಎಂದು ದೊಡ್ಡಮ್ಮ ಬೇಡ ಅಂದಿದ್ದರು. ಕೋಳಿ ವ್ಯಾಪಾರಿಯಂತೂ ನಕ್ಕುಬಿಟ್ಟ. ಈಗ ಯುಗಾದಿ ಮರುದಿನದ ಹೊಸತೊಡಕಿಗೆ ತಿಂಗಳು ಮೊದಲೇ ಮುಂಗಡ ಕೊಟ್ಟು ಹೋಗುವವನೂ ಅವನೇ!

ಅದಕ್ಕೂ ಮೊದಲು ಮೊಟ್ಟೆ ಮರಿ ಮಾಡುವ ಮಿಷನ್ನಿಗೆ ದುಡ್ಡು ಸುರಿದಿದ್ದೆ. ನೂರು ಮೊಟ್ಟೆಯದು, ಎಂಟೋ ಒಂಬತ್ತೋ ಸಾವಿರ. ಅದಕ್ಕೆ 37.5 ಡಿಗ್ರಿ ಅಲ್ಲಾಡಬಾರದು, ನಮ್ಮೂರ ಕರೆಂಟಿಗೆ ಆ ನಿಯಮ ಗೊತ್ತಿಲ್ಲ. ಬ್ಯಾಟರಿಗೆ ಇನ್ನಾರು ಸಾವಿರ ಹೋಯಿತು. ನೂರಕ್ಕೆ ಮೂವತ್ತು ಮರಿ ಬಂದರೆ ಹಬ್ಬ. ಬಂದವಕ್ಕೂ ಬಲ್ಬು, ಫೀಡು. ಹದ್ದು ಬಂತು ಅಂತ ಕೂಗಲು ತಾಯಿ ಇಲ್ಲವಲ್ಲ, ಅರ್ಧ ಅದರ ಪಾಲಾಯಿತು.

ಗೆಲ್ಲುವುದು ಸೋಲುವುದು ಗೂಡಿನಲ್ಲೇ. ಬಿದಿರಿನ ಮಂಕರಿಗೆ ನಾಲ್ಕು ಬೆರಳು ಮಣ್ಣು, ಮೇಲೆ ಒಣಹುಲ್ಲು, ನಡುವೆ ತಗ್ಗು. ತಗ್ಗಿಲ್ಲದಿದ್ದರೆ ಮೊಟ್ಟೆ ಅಂಚಿಗೆ ಉರುಳಿ ತಣ್ಣಗಾಗುತ್ತದೆ. ಬೇಸಿಗೆಯಲ್ಲಿ ಮಣ್ಣಿಗೆ ಸ್ವಲ್ಪ ನೀರು ಚಿಮುಕಿಸುತ್ತೇನೆ, ಇಲ್ಲದಿದ್ದರೆ ಮರಿ ಚಿಪ್ಪು ಒಡೆದರೂ ಒಳಗೇ ಅಂಟಿಕೊಳ್ಳುತ್ತದೆ. ಒಂದು ವರ್ಷ ಹೇನು ಬಿದ್ದು ಮೂರೂ ಕೋಳಿ ಗೂಡು ಬಿಟ್ಟೆದ್ದವು. ಮೂವತ್ತು ಚಿಲ್ಲರೆ ಮೊಟ್ಟೆ ತಿಪ್ಪೆಗೆ ಹೋದವು. ಈಗ ಹುಲ್ಲಿನ ಕೆಳಗೆ ಬೂದಿ, ಬೇವಿನ ಸೊಪ್ಪು ಇರುತ್ತದೆ. ಜೊತೆಗೆ ಇನ್ನೊಂದು ಸೊಪ್ಪು ಇದೆ, ಅದರ ಹೆಸರು ಇಲ್ಲಿ ಬೇಡ. ಗೂಡಿಗೆ ಗೋಣಿ ಪರದೆ ಕಡ್ಡಾಯ. ಇಲ್ಲದಿದ್ದರೆ ಬೇರೆ ಹೇಟೆಗಳು ನುಗ್ಗಿ ಅಲ್ಲೇ ಮೊಟ್ಟೆ ಇಡುತ್ತವೆ, ಲೆಕ್ಕವೆಲ್ಲ ಕಲಸುಮೇಲೋಗರ.

ಮೂರೂ ಒಂದೇ ದಿನ ಕಾವಿಗೆ ಬರುತ್ತವಾ? ಬರಲ್ಲ. ಮೊದಲು ಬಂದದ್ದಕ್ಕೆ ಪ್ಲಾಸ್ಟಿಕ್ ಮೊಟ್ಟೆ ಕೊಟ್ಟು ಕೂರಿಸಿ. ವಾರ ಆರಾಮಾಗಿ ಕೂತಿರುತ್ತದೆ. ಅಷ್ಟರಲ್ಲಿ ಉಳಿದವು ಬರುತ್ತವೆ. ಒಂದಕ್ಕೆ ಹತ್ತರಂತೆ ಮೊಟ್ಟೆ, ಎಲ್ಲ ಸರಿಯಿದ್ದರೆ ಮೂವತ್ತರಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದು ಮರಿ ನನಗೆ ಸಿಗುತ್ತವೆ. ಮರಿ ಸೇರಿಸುವುದು ರಾತ್ರಿಯೇ, ಟಾರ್ಚ್ ಇಲ್ಲದೆ, ತಾಯಿ ತನ್ನ ಮರಿ ಕರೆದುಕೊಂಡು ಗೂಡು ಇಳಿಯುವ ಮೊದಲು. ಇಳಿದು ಎರಡು ದಿನ ಮೇಯಿಸಿದ ಮೇಲೆ ದೊಡ್ಡಮ್ಮ ಹೇಳಿದಂತೆಯೇ ಆಗುತ್ತದೆ. ಅಗಲ ರೆಕ್ಕೆಯ ಹೇಟೆಯನ್ನೇ ತಾಯಿ ಮಾಡಿ. ಚಳಿಗಾಲದಲ್ಲಿ ಹದಿನೆಂಟಕ್ಕೆ ನಿಲ್ಲಿಸಿ, ಮಿಕ್ಕಿದ್ದನ್ನು ಎರಡನೆಯದಕ್ಕೆ ಬಿಡಿ.

ಇನ್ನೊಂದು ಲಾಭ ನಾನು ಎಣಿಸಿರಲಿಲ್ಲ. ಕೊಕ್ಕರೆ ರೋಗದ (ರಾಣಿಖೇತ್) ಲಸೋಟ ಲಸಿಕೆ ನಮ್ಮ ಕಡೆ ನೂರು ಡೋಸಿನ ಬಾಟಲಿಯಲ್ಲಿ ಸಿಗುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಮರಿಗೆ ಬಾಟಲಿ ಒಡೆಯಲು ಹೊಟ್ಟೆ ಉರಿಯುತ್ತಿತ್ತು. ಈಗ ಒಂದೇ ವಯಸ್ಸಿನ ಗುಂಪು, ಏಳನೇ ದಿನ ಒಂದೇ ಸಲ ಹನಿ.

ನಡುವೆ ಸುಮ್ನೆ ಬಾತುಕೋಳಿ ಮೊಟ್ಟೆಯನ್ನೂ ಕೂರಿಸಿ ನೋಡಿದೆ. 28 ದಿನ ಬೇಕು, ಹೇಟೆ ಕೂತಿತು, ಆದರೆ ಕಡ್ಡಿಯಾಯಿತು. ಮರಿಗಳು ಕಾಲುವೆಗೆ ಇಳಿದಾಗ ಅದು ದಡದಲ್ಲಿ ಓಡಾಡಿದ್ದು ನೋಡಲಾಗಲಿಲ್ಲ. ಗಿರಿರಾಜ ಮೊಟ್ಟೆ ಚೆನ್ನಾಗಿ ಒಡೆಯಿತು. ಆ ತಳಿ ತಾನಾಗಿ ಕಾವಿಗೆ ಕೂರಲ್ಲ, ಹಾಗಾಗಿ ಅಕ್ಕಪಕ್ಕದವರು ಮೊಟ್ಟೆ ತಂದು ಕೂರಿಸಿಕೊಡಿ ಅನ್ನುತ್ತಾರೆ. ಮರಿಗೆ ಇಪ್ಪತ್ತು ರೂಪಾಯಿ ತೆಗೆದುಕೊಳ್ಳುತ್ತೇನೆ.

ಗಣೇಶನ ಹಬ್ಬದ ಆಸುಪಾಸಿನಲ್ಲಿ ಕೂರಿಸಿದರೆ ಯುಗಾದಿಗೆ ಕೋಳಿ ಕೇಜಿ, ಒಂದೂಕಾಲು ಕೇಜಿ ತೂಗುತ್ತದೆ. ಹೋದ ಸಲ ಅರವತ್ತರ ಹತ್ತಿರ ಕೊಟ್ಟೆ, ಕೇಜಿಗೆ ಐನೂರು ಸಿಕ್ಕಿತು. ಹುಂಜಕ್ಕೆ ಇನ್ನೂ ಜಾಸ್ತಿ.