ಕರೆಂಟ್ ಕೊಡುವ ರೂಮು

ನಮ್ಮ ಕಲಬುರಗಿ ಕಡೆ ಕ್ಯಾನ್ಸರ್‌ಗೆ ಕೊಡುವ ರೇಡಿಯೇಷನ್ ಅಂದರೆ ಬಹಳ ಜನಕ್ಕೆ ತಿಳಿಯುವುದಿಲ್ಲ. ‘ಕರೆಂಟ್ ಕೊಡೋದು’ ಅಂದರೆ ತಕ್ಷಣ ಗೊತ್ತಾಗುತ್ತದೆ. ಅರ್ಧ ಹೆದರಿಕೆ ಆ ಹೆಸರಿನಿಂದಲೇ. ‘ಶಾಕ್ ಹೊಡೀತದೇನ್ರಿ?’ ಅಂತ ಮೊದಲ ದಿನ ಕೇಳದವರು ಕಡಿಮೆ. ಶುರುವಿನಲ್ಲಿ ನಾನು ಮಷೀನಿನ ಪಾಠ ಹೇಳುತ್ತಿದ್ದೆ. ಈಗ ಒಂದೇ ಮಾತು: ‘ಎಕ್ಸ್‌ರೇ ತೆಗೆಸಿದಾಗ ಏನಾದ್ರೂ ಗೊತ್ತಾಯ್ತೇನ್ರಿ? ಇದೂ ಹಂಗೇ.’

ಎಷ್ಟು ಡೋಸ್ ಅಂತ ಡಾಕ್ಟರು ಹೇಳುತ್ತಾರೆ, ಫಿಸಿಸಿಸ್ಟ್ ಪ್ಲಾನ್ ಮಾಡುತ್ತಾರೆ. ನನ್ನ ಕೆಲಸ, ನಿನ್ನೆ ಮಲಗಿದ್ದ ಜಾಗದಲ್ಲೇ ಇವತ್ತೂ ಪೇಷಂಟನ್ನು ಮಲಗಿಸುವುದು. ಬಾಯಿ, ಗಂಟಲು ಕ್ಯಾನ್ಸರ್‌ಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ (ಗ್ರೇ ಅಂದರೆ ಡೋಸ್ ಅಳೆಯುವ ಮಾನ) 30ರಿಂದ 35 ಸಲ. ಸೋಮವಾರದಿಂದ ಶುಕ್ರವಾರ, ಆರೇಳು ವಾರ. ಲೇಸರ್ ಗೆರೆ ಗುರುತಿನ ಮೇಲೆ ಸರಿಯಾಗಿ ಬೀಳಬೇಕು. ಕೆಲವು ಮಿಲಿಮೀಟರ್ ಆಚೀಚೆ ಆದರೂ ಪಕ್ಕದ ಒಳ್ಳೆ ಭಾಗಕ್ಕೆ ಪೆಟ್ಟು. ಮಷೀನ್ ಓಡುವುದು ಕೆಲವೇ ನಿಮಿಷ, ಮಲಗಿಸುವುದಕ್ಕೇ ಜಾಸ್ತಿ ಹೊತ್ತು.

ಇಲ್ಲಿ ತಂಬಾಕು, ಗುಟ್ಕಾದ ಕಾಟ ಇದೆಯಲ್ಲ, ಹಾಗಾಗಿ ತಲೆ ಅಲುಗಾಡದ ಹಾಗೆ ಹಿಡಿದಿಡುವ ಮಾಸ್ಕ್ ಮಾಡುವ ಕೆಲಸ ತಪ್ಪುವುದಿಲ್ಲ. ತೂತುತೂತಿನ ಪ್ಲಾಸ್ಟಿಕ್ ಹಾಳೆಯನ್ನು ಸುಮಾರು 70 ಡಿಗ್ರಿ ಬಿಸಿನೀರಿಗೆ ಹಾಕಿದರೆ ತಟ್ಟಿದ ಹಸಿ ರೊಟ್ಟಿಯ ಹಾಗೆ ಮೆತ್ತಗಾಗುತ್ತದೆ. ಬಿಸಿ ಇದ್ದಾಗಲೇ ಮುಖದ ಮೇಲೆ ಎಳೆದು ಕೂರಿಸಬೇಕು. ಕೆಲವೇ ನಿಮಿಷಕ್ಕೆ ಗಟ್ಟಿ.

ಮೊದಲ ವರ್ಷ ಜೇವರ್ಗಿ ಕಡೆಯ ರೈತರೊಬ್ಬರಿಗೆ ‘ಅಲುಗಾಡಬ್ಯಾಡ್ರಿ, ಅಲುಗಾಡಬ್ಯಾಡ್ರಿ’ ಅಂತ ನಾಲ್ಕು ಸಲ ಹೇಳಿದೆ. ಅವರು ಹಲ್ಲು ಕಚ್ಚಿ, ಭುಜ ಕಿವಿಯ ತನಕ ಏರಿಸಿ ಮಲಗಿದರು. ಮಾಸ್ಕ್ ಕೂತಿದ್ದು ಆ ಭಂಗಿಗೆ. ಟ್ರೀಟ್‌ಮೆಂಟ್ ಶುರುವಾಗಿ ಮೂರನೇ ದಿನಕ್ಕೆ ಹೆದರಿಕೆ ಹೋಯಿತು, ಭುಜ ಕೆಳಗಿಳಿಯಿತು. ಮಾಸ್ಕ್ ಹೊಂದಲಿಲ್ಲ, ಅವತ್ತು ತೆಗೆದ ಚಿತ್ರ ಪ್ಲಾನಿನ ಜೊತೆ ಕೂಡಲಿಲ್ಲ. ಮತ್ತೆ ಮಾಸ್ಕ್, ಮತ್ತೆ ಸಿಟಿ ಸ್ಕ್ಯಾನ್, ಹೊಸ ಪ್ಲಾನ್. ತಪ್ಪು ನನ್ನದೇ. ಅವರು ನಾನು ಹೇಳಿದ್ದನ್ನೇ ಮಾಡಿದ್ದರು.

ಈಗ ಹಾಳೆ ನೀರಿಗೆ ಹಾಕುವ ಮೊದಲು ಐದು ನಿಮಿಷ ಸುಮ್ನೆ ಮಲಗಿಸುತ್ತೇನೆ. ಮಳೆ ಹೆಂಗದ, ತೊಗರಿ ಹೂ ಬಿಟ್ಟದೇನು ಅಂತ ಕೇಳುತ್ತೇನೆ. ಮಾತಾಡುತ್ತಾ ಭುಜ ತಾನೇ ಸಡಿಲ ಆಗುತ್ತದೆ. ಗಡ್ಡದ ವಿಷಯವನ್ನೂ ಮೊದಲೇ ಕೇಳಬೇಕು. ದಟ್ಟ ಗಡ್ಡದ ಮೇಲೆ ಮಾಸ್ಕ್ ಮಾಡಿ ಆಮೇಲೆ ಬೋಳಿಸಿದರೆ ಅದು ಸಡಿಲ. ಹಿರಿಯರಿಗೆ ಇದನ್ನು ಹೇಳುವುದು ಸುಲಭ ಅಲ್ಲ, ಬಾಗಿಲು ಹಾಕಿಕೊಂಡು ಮೆಲ್ಲಗೆ ಹೇಳುತ್ತೇನೆ.

ಎರಡು ಮೂರನೇ ವಾರ ಬಾಯಿ ಹುಣ್ಣಾಗುತ್ತದೆ. ರೊಟ್ಟಿ ಇಳಿಯುವುದಿಲ್ಲ, ಗಂಜಿಯೇ ಗತಿ. ತೂಕ ಇಳಿದರೆ ಮಾಸ್ಕ್ ಮತ್ತೆ ಸಡಿಲ. ಜನ ಬೇಸತ್ತು ಬರುವುದನ್ನೇ ಬಿಡುವುದೂ ಈಗಲೇ. ನಡುವೆ ಬಿಟ್ಟರೆ ಉಳಿದ ಗಡ್ಡೆಗೆ ಮತ್ತೆ ಬೆಳೆಯಲು ಟೈಮ್ ಸಿಗುತ್ತದೆ. ಅದಕ್ಕೇ ಒಂದು ದಿನ ತಪ್ಪಿದರೂ ಫೋನ್ ಮಾಡುತ್ತೇನೆ. ಮೊಮ್ಮಗುವನ್ನು ಎತ್ತಿಕೊಳ್ಳಬಹುದಾ ಅಂತ ಕೇಳುವವರೂ ಇದ್ದಾರೆ. ಎತ್ತಿಕೊಳ್ಳಬಹುದು. ಹೊರಗಿಂದ ಕೊಡುವ ಈ ಕರೆಂಟು ಮೈಯಲ್ಲಿ ಉಳಿಯುವುದಿಲ್ಲ. (ನನ್ನ ಅವ್ವ ಮಾತ್ರ ನಾನು ಮನೆಗೆ ಬಂದ ಕೂಡಲೇ ಸ್ನಾನ ಮಾಡು ಅನ್ನುತ್ತಾಳೆ.)

ಇನ್ನೊಂದು ಪಾಠ ಕಲಿಸಿದ್ದು ಒಬ್ಬ ಅಜ್ಜಿ. ಗರ್ಭಕೋಶದ ಕೊರಳಿನ ಕ್ಯಾನ್ಸರ್‌ಗೆ ಮೂತ್ರಚೀಲ ತುಂಬಿರಬೇಕು. ಆಗ ಸಣ್ಣ ಕರುಳು ಮೇಲೆ ಸರಿದು ರೇಡಿಯೇಷನ್ನಿಂದ ತಪ್ಪಿಸಿಕೊಳ್ಳುತ್ತದೆ. ಚಿಂಚೋಳಿ ಕಡೆಯಿಂದ ಬರುತ್ತಿದ್ದ ಆ ಅಜ್ಜಿಯದು ದಿನಾ ಖಾಲಿ. ಒಮ್ಮೆ ರೇಗಿದೆ: ‘ನೀರು ಕುಡಿಯೋದು ಅಷ್ಟು ಕಷ್ಟಾ ಏನಜ್ಜಿ?’

‘ಬಸ್ಸಿನಾಗ ಎಲ್ಲಿ ಇಳೀಲಿ ತಮ್ಮಾ?’ ಅಂದರು, ಮಗನಿಗೆ ಕೇಳಿಸದ ಹಾಗೆ.

ಅವತ್ತಿನಿಂದ ಅವರಿಗೆ ಬಸ್ಸಿನಲ್ಲಿ ನೀರು ಬೇಡ ಅಂದೆ. ಇಲ್ಲಿಗೆ ಬಂದು ಬಾತ್‌ರೂಮಿಗೆ ಹೋಗಿ, ಅರ್ಧ ಲೀಟರ್ ಬಾಟಲಿ ಕುಡಿದು ಮುಕ್ಕಾಲು ಗಂಟೆ ಕೂರಲಿ. ಟೇಬಲ್ ಮೇಲೆ ಅವರ ಸರದಿ ಆಮೇಲೆ. ರಿಜಿಸ್ಟರಿನ ಕೊನೆ ಪುಟದಲ್ಲಿ ಚಿಂಚೋಳಿ, ಅಫಜಲಪುರ, ಸೇಡಂ ಬಸ್ಸುಗಳ ಟೈಮ್ ಬರೆದಿಟ್ಟಿದ್ದೇನೆ. ಬೆಳಿಗ್ಗೆ ಪೇಷಂಟುಗಳ ಸರದಿ ಹಾಕುವುದು ಆ ಪುಟ ನೋಡಿಕೊಂಡೇ.